ನೀರುಕಾಗೆ ತಿಂದ ನಾಲಿಗೆ

ನಾನು ನೀರುಕಾಗೆ ತಿಂದಿದ್ದೇನೆ. ಹಣೆಗೆ ಬಿಳಿ ನಾಮದ ನಾಮಗೋಳಿ ತಿಂದಿದ್ದೇನೆ, ಬಾತು ತಿಂದಿದ್ದೇನೆ, ಕೊಕ್ಕರೆಯನ್ನೂ ತಿಂದಿದ್ದೇನೆ. ಕೊಕ್ಕರೆ ಮಾತ್ರ ಅಷ್ಟು ರುಚಿ ಇಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಓದುವವರಲ್ಲಿ ಯಾರಿಗಾದರೂ ಹೊಟ್ಟೆ ತೊಳಸಿದರೆ ಇಲ್ಲಿಗೇ ಮಡಚಿ ಇಡಬಹುದು. ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಸುತ್ತಿ ಬಳಸಿ ಬರೆಯಲು ಬರುವುದಿಲ್ಲ.

ನಮ್ಮದು ಸೂಳೆಕೆರೆ ದಂಡೆಯ ಊರು. ಅಪ್ಪ ಬಲೆ ಹಾಕುತ್ತಿದ್ದ, ಅವ್ವ ಮೀನು ಹೊತ್ತು ಮಾರುತ್ತಿದ್ದಳು. ನನ್ನನ್ನು ಕೊಟ್ಟದ್ದೂ ಅದೇ ಊರಿನ, ಅದೇ ಕಸುಬಿನ ಮನೆಗೆ. ಸಂಜೆ ಹಾಕಿದ ಬಲೆಯನ್ನು ಬೆಳಗ್ಗೆ ಬಿಸಿಲೇರಿದ ಮೇಲೆ ಎಳೆದರೆ ಮೀನಿನ ಜೊತೆ ಒಮ್ಮೊಮ್ಮೆ ನೀರುಕಾಗೆಯೂ ಬರುತ್ತಿತ್ತು. ಬಲೆಗೆ ಬಿದ್ದ ಮೀನು ಕದಿಯಲು ಅದು ಮುಳುಗುತ್ತದೆ, ಕತ್ತು ಸಿಕ್ಕಿಸಿಕೊಳ್ಳುತ್ತದೆ, ಮೇಲೆ ಬರಲಾಗದೆ ಸಾಯುತ್ತದೆ. ಸತ್ತ ಹಕ್ಕಿಯನ್ನು ಏನು ಮಾಡಬೇಕು? ನೀರಿಗೆ ಎಸೆದರೆ ಕೊಳೆತು ನಾರುತ್ತದೆ. ಅವ್ವ ಮನೆಗೆ ತರುತ್ತಿದ್ದಳು.

ನೀರುಕಾಗೆಯ ಪುಕ್ಕ ಕೀಳುತ್ತ ಕೂರಬಾರದು. ಪುಕ್ಕದ ಸಮೇತ ಚರ್ಮ ಸುಲಿಯಬೇಕು. ಮೀನಿನ ವಾಸನೆ ಇರುವುದೇ ಆ ಚರ್ಮದಲ್ಲಿ. ಮಾಂಸವನ್ನು ಹುಣಸೆ ನೀರಲ್ಲಿ ನೆನೆಸಿಟ್ಟು, ಬೆಳ್ಳುಳ್ಳಿ, ಮೆಣಸಿನಕಾಯಿ ಜಜ್ಜಿ ಹಾಕಿ ಸಾರು ಮಾಡಿದರೆ ಮುದ್ದೆ ಗಂಟಲಿಗೆ ಹಾಗೇ ಜಾರುತ್ತಿತ್ತು. ತಿಂದು ಕೈ ತೊಳೆದರೆ ಹಕ್ಕಿ ಮುಗಿಯುತ್ತಿರಲಿಲ್ಲ. ಬಾತಿನ ಕೊಬ್ಬನ್ನು ಅವ್ವ ಕಾಯಿಸಿ ಬಾಟ್ಲಿಗೆ ತುಂಬುತ್ತಿದ್ದಳು. ಚಳಿಗಾಲದಲ್ಲಿ ಒಡೆದ ಹಿಮ್ಮಡಿಗೂ, ನೀರಲ್ಲಿ ನಿಂತು ನಿಂತು ನೋಯುವ ಅಪ್ಪನ ಮಂಡಿಗೂ ಅದೇ ಮದ್ದು. ಕೊಕ್ಕರೆಯ ರೆಕ್ಕೆಯನ್ನು ಒಣಗಿಸಿ ಗೂಟಕ್ಕೆ ನೇತುಹಾಕಿದರೆ ಬೀಸುಕಲ್ಲಿನ ಸುತ್ತ ಬಿದ್ದ ಹಿಟ್ಟು ಗುಡಿಸಲು ಆಯಿತು. ಅಷ್ಟು ನಯವಾದ ಪೊರಕೆ ನಾನು ಯಾವ ಅಂಗಡಿಯಲ್ಲೂ ನೋಡಿಲ್ಲ. ಕಾಲೆಲುಬನ್ನು ಕಲ್ಲಿಗೆ ತಿಕ್ಕಿ ಚೂಪು ಮಾಡಿ ತೂತು ಕೊರೆದರೆ ಕೌದಿ ಹೊಲಿಯುವ ದಬ್ಬಣ. ರೆಕ್ಕೆಯ ಎಲುಬು ಒಳಗೆ ಟೊಳ್ಳು. ಅದರ ಬಾಯಿಗೆ ಬಟ್ಟೆ ಚೂರು ತುರುಕಿದರೆ ಸಣ್ಣ ಸೂಜಿಗಳನ್ನು ಇಡಲು ಡಬ್ಬಿ.

ಬಾತಿನ ಎದೆಯ ಮೆತ್ತನೆ ಪುಕ್ಕವನ್ನು ಮಾತ್ರ ಯಾರೂ ಮುಟ್ಟುವಂತಿರಲಿಲ್ಲ. ಅದು ಕೆರೆಬಿಳಚಿಯಿಂದ ಬರುತ್ತಿದ್ದ ಹತ್ತಿ ಹಿಂಜುವ ಸಾಬರ ಪಾಲು. ಅವರು ಹತ್ತಿಗೆ ಬೆರೆಸಿ ದಿಂಬು ತುಂಬುತ್ತಿದ್ದರು.

“ಅಕ್ಕಾ, ಈ ದಿಂಬಿನ ಮ್ಯಾಲೆ ತಲೆ ಇಟ್ರೆ ಕನಸಿನಾಗೆ ಹಾರ್ತಾರೆ ನೋಡು” ಎಂದು ಅವರು ಬೀಗುತ್ತಿದ್ದರು.

“ಹಾರಿ ಎಲ್ಲಿಗೆ ಹೋಗ್ತಾರೆ? ಬೆಳಗ್ಗೆ ನಿನ್ನ ಬಾಗಿಲಿಗೇ ಬರ್ತಾರೆ, ಪುಕ್ಕ ಕಡಿಮೆ ತುಂಬೀಯ ಅಂತ” ಎನ್ನುತ್ತಿದ್ದಳು ಅವ್ವ.

ಈಗ ಹಕ್ಕಿ ಹಿಡಿಯುವಂತಿಲ್ಲ. ಕಾಯಿದೆ ಇದೆ, ಇರಲಿ. ಮೊದಲಿನಷ್ಟು ಹಕ್ಕಿ ಕೆರೆಗೆ ಇಳಿಯುವುದಿಲ್ಲ, ಅದನ್ನು ನಾನೇ ನೋಡುತ್ತಿದ್ದೇನೆ. ಬಲೆಯಲ್ಲಿ ಜೀವ ಇರುವ ಹಕ್ಕಿ ಸಿಕ್ಕರೆ ನನ್ನ ಮಗ ಬಿಡಿಸಿ ಹಾರಿಸುತ್ತಾನೆ. ನಾನೂ ಹಕ್ಕಿ ತಿನ್ನುವುದು ಬಿಟ್ಟು ಬಹಳ ವರ್ಷವಾಯಿತು. ಬಿಟ್ಟಿದ್ದೇನೆ ಎಂದರೆ ನಾಚಿಕೊಂಡಿದ್ದೇನೆ ಎಂದಲ್ಲ. ಅದು ಬೇರೆ, ಇದು ಬೇರೆ.

ನಾಚಿಕೊಳ್ಳಬೇಕು ಎನ್ನುವವರು ಹೊನ್ನಾಳಿ ಕಡೆಯ ನಮ್ಮವರೇ. ಅವರು ತುಂಗಭದ್ರೆಯಲ್ಲಿ ಬಲೆ ಹಾಕುತ್ತಾರೆ, ನಾವು ಕೆರೆಯಲ್ಲಿ ಹಾಕುತ್ತೇವೆ. ಕುಲ ಒಂದೇ, ಕಸುಬು ಒಂದೇ, ಕೈ ವಾಸನೆಯೂ ಒಂದೇ. ಆದರೂ ಹೊಳೆ ಮಂದಿಗೆ ಕೆರೆ ಮಂದಿ ಒಂದು ಮೆಟ್ಟಿಲು ಕೆಳಗೆ. ‘ಹಕ್ಕಿ ತಿನ್ನೋರು’ ಎನ್ನುತ್ತಾರೆ. ಹೆಣ್ಣು ಕೊಡುವಾಗ ತರುವಾಗ ಈ ಮಾತು ಎದ್ದು ನಿಲ್ಲುತ್ತದೆ.

ನನ್ನ ಮೊಮ್ಮಗಳು ಚನ್ನಗಿರಿಯ ಕಾಲೇಜಿನಲ್ಲಿ ಇತಿಹಾಸ ಓದಿದಳು. ಒಂದು ಮಧ್ಯಾಹ್ನ ಕಟ್ಟೆಯ ಮೇಲೆ ಕೌದಿ ಹೊಲಿಯುತ್ತಿದ್ದೆ. ಪಕ್ಕಕ್ಕೆ ಬಂದು ಫೋನು ಹಿಡಿದಳು.

“ಅಜ್ಜಿ, ಇಲ್ನೋಡು. ನಿಮ್ಮವ್ವ ಬಂದಾಳೆ.”

ನೋಡಿದೆ. ಯಾವುದೋ ಚಳಿ ದೇಶದ ಸಮುದ್ರದ ದಂಡೆ. ಟೋಪಿ ಹಾಕಿಕೊಂಡ ಮಂದಿ ಮಂಡಿಯೂರಿ ಕೂತು ಬ್ರಷ್ಷಿನಿಂದ ಮಣ್ಣು ಗುಡಿಸುತ್ತಿದ್ದರು. ಚಿಪ್ಪಿನ ರಾಶಿ, ನಡುವೆ ಎಲುಬು. ಸಾವಿರಾರು ವರ್ಷದ ಹಿಂದೆ ಅಲ್ಲಿ ಬದುಕಿದವರಿಗೆ ಹೊಲ ಇರಲಿಲ್ಲವಂತೆ, ದನ ಇರಲಿಲ್ಲವಂತೆ. ಸಮುದ್ರ ಕೊಟ್ಟದ್ದೇ ಊಟ. ಕಡಲ ಹಕ್ಕಿ ಹಿಡಿದು ಸುಲಿದು ತಿನ್ನುತ್ತಿದ್ದರು, ಬಂಡೆಯ ಸಂದಿನ ಮೊಟ್ಟೆ ತರುತ್ತಿದ್ದರು. ಎಲುಬಿನಿಂದ ದಬ್ಬಣ ಮಾಡುತ್ತಿದ್ದರು, ಟೊಳ್ಳೆಲುಬಿನಲ್ಲಿ ಸೂಜಿ ಇಡುತ್ತಿದ್ದರು. ಪುಕ್ಕದ ಚರ್ಮವನ್ನೇ ಹೊಲಿದು ಅಂಗಿ ಮಾಡಿ ತೊಡುವವರೂ ಇದ್ದರಂತೆ. ಇಂಗ್ಲಿಷಿನಲ್ಲಿ ಬರುವ ಮಾತನ್ನು ಮೊಮ್ಮಗಳು ನನಗೆ ಬಿಡಿಸಿ ಹೇಳುತ್ತ ಹೋದಳು. ಹಕ್ಕಿಯ ಚಿತ್ರವೂ ಬಂತು. ಬಂಡೆಯ ಮೇಲೆ ನಿಂತು ಎರಡೂ ರೆಕ್ಕೆ ಬಿಚ್ಚಿ ಒಣಗಿಸುತ್ತಿತ್ತು. ನಮ್ಮ ನೀರುಕಾಗೆಯೇ, ಸ್ವಲ್ಪ ದಪ್ಪ.

“ಕೆಲವು ದ್ವೀಪದಾಗೆ ಹಕ್ಕಿ ಬಾಯಿಗೆ ಬತ್ತಿ ತುರುಕಿ, ಹಕ್ಕೀನೇ ದೀಪ ಮಾಡಿ ಹಚ್ತಿದ್ರಂತೆ ಅಜ್ಜಿ. ಅಷ್ಟು ಕೊಬ್ಬಂತೆ ಅದರಾಗೆ.”

“ಅದು ಅತಿಯಾತು. ಕೊಬ್ಬು ಕಾಯಿಸಿ ದೀಪಕ್ಕೆ ಹಾಕಾಕೆ ಅವರಿಗೇನು ರೋಗ?”

ಆಕೆ ನಕ್ಕಳು. ಆಮೇಲೆ ಇನ್ನೊಂದು ತೋರಿಸಿದಳು. ಒಂದು ಗುಂಡಿಯಲ್ಲಿ ತಾಯಿ, ಪಕ್ಕದಲ್ಲಿ ಆಗತಾನೆ ಹುಟ್ಟಿದ ಕೂಸು. ಕೂಸಿನ ಅಡಿಗೆ ದೊಡ್ಡ ಹಕ್ಕಿಯ ರೆಕ್ಕೆ ಹಾಸಿ ಮಲಗಿಸಿದ್ದರಂತೆ. ರೆಕ್ಕೆಯ ಎಲುಬು ಉಳಿದಿತ್ತು, ಕೂಸಿನದೂ ಉಳಿದಿತ್ತು.

ನನ್ನ ಎರಡನೇ ಕೂಸು ಹೋದಾಗ ಹಳೆ ಸೀರೆಯಲ್ಲಿ ಸುತ್ತಿ ಹೂತೆವು. ರೆಕ್ಕೆ ಮನೆಯಲ್ಲೇ ಇತ್ತು, ಗೂಟಕ್ಕೆ ನೇತುಬಿದ್ದಿತ್ತು. ನಮಗೆ ಹೊಳೆಯಲಿಲ್ಲ.

“ಅವರ ದಬ್ಬಣಾನ ಮ್ಯೂಸಿಯಮ್ಮಿನಾಗೆ ಗಾಜಿನ ಪೆಟ್ಟಿಗೆಯಾಗೆ ಇಟ್ಟಾರೆ” ಎಂದಳು ಮೊಮ್ಮಗಳು.

“ನಂದು ಈ ಕೌದಿಯಾಗೆ ಐತೆ. ಸರಿ, ನೂಲು ಪೋಣಿಸು, ಕಣ್ಣು ಕಾಣ್ತಿಲ್ಲ” ಎಂದೆ.

ಆ ವರ್ಷವೇ ಹೊನ್ನಾಳಿಯಿಂದ ಆಕೆಗೆ ಗಂಡು ಬಂತು. ಹುಡುಗನದು ಅಲ್ಲೇ ಮೀನಿನ ಅಂಗಡಿ. ಇವಳಿಗೂ ಅವನಿಗೂ ಮೊದಲೇ ಪರಿಚಯ ಇತ್ತು, ಅದು ನನಗೆ ಗೊತ್ತಿತ್ತು. ಬಾಯಿಬಿಟ್ಟು ಹೇಳದಿದ್ದರೂ ಫೋನಿನಲ್ಲಿ ಮಾತಾಡುವಾಗಿನ ದನಿ ಹೇಳುತ್ತದೆ. ನೋಡಲು ಬರುವ ದಿನ ಗೊತ್ತಾದ ಮೇಲೆ ಸೊಸೆ ನನ್ನ ಹತ್ತಿರ ಬಂದಳು. ಆಕೆ ನ್ಯಾಮತಿಯವಳು, ಮನೆ ನಡೆಸುವುದರಲ್ಲಿ ಚುರುಕು.

“ಅತ್ತೇರೆ, ನೀವು ನಾಕು ದಿನ ಜಗಳೂರಿಗೆ ಹೋಗಿ ಬರ್ರಲ. ದೊಡ್ಡತ್ತೇರಿಗೆ ಮೈಯಾಗೆ ಹುಷಾರಿಲ್ಲಂತೆ.”

ಜಗಳೂರಿನಲ್ಲಿರುವುದು ನನ್ನ ಅಕ್ಕ. ಬಲೆ ಹಾಕುವ ಮನೆಯ ಹುಡುಗಿಯನ್ನು ಆ ಒಣ ಸೀಮೆಗೆ ಯಾಕೆ ಕೊಟ್ಟರೋ, ಕೊಟ್ಟವರು ಈಗ ಇಲ್ಲ.

“ಬೆಳಗ್ಗೆ ತಾನೇ ಫೋನ್ ಮಾಡಿದ್ಲು. ಮೇಕೆ ಹಿಂದೆ ಓಡಾಡ್ತಾ ಮಾತಾಡಿದ್ಲು. ಅವಳಿಗೇನೂ ಆಗಿಲ್ಲ. ನನ್ನನ್ನ ಹೊರಗೆ ಹಾಕ್ಬೇಕು ಅಂದ್ರೆ ಹೊರಗೆ ಹಾಕ್ತೀವಿ ಅನ್ನು.”

ಮಗ ನಡುವೆ ಬಂದ. “ಅವ್ವಾ, ಅವರು ಹಕ್ಕಿ ಮಾತು ಎತ್ತಿದ್ರೆ ನೀನು ಸುಮ್ಕಿರಾಕಿ ಅಲ್ಲ. ಅದಕ್ಕೇ.”

“ಎತ್ತದಿದ್ರೆ ನಾನ್ಯಾಕೆ ಬಾಯಿ ಬಿಡ್ಲಿ? ಎತ್ತಿದ್ರೆ ಮಾತ್ರ ಸುಳ್ಳು ಹೇಳಾಕಿಲ್ಲ.”

ಅಲ್ಲಿಗೆ ಒಪ್ಪಂದವಾಯಿತು. ಸೊಸೆ ಮನೆಯನ್ನೆಲ್ಲ ಜಾಲಾಡಿದಳು. ಹುಳ ತಿಂದ ಹಳೆ ರೆಕ್ಕೆ, ಸೂಜಿ ಇಡುವ ಎಲುಬು, ಅವ್ವನ ಕಾಲದ ಕೊಬ್ಬಿನ ಖಾಲಿ ಬಾಟ್ಲಿ, ಎಲ್ಲ ಚೀಲಕ್ಕೆ ಹಾಕಿ ಅಟ್ಟಕ್ಕೆ ಎಸೆದಳು. ಬಂದವರು ಕೂರಲು ಚಂದ ಕಾಣಲಿ ಎಂದು ನಾನು ಹೊಲಿಯುತ್ತಿದ್ದ ಹೊಸ ಕೌದಿಯನ್ನು ಮಂಚದ ಮೇಲೆ ಹಾಸಿದಳು. ಅದರ ಒಂದು ಅಂಚು ಇನ್ನೂ ಮುಗಿದಿಲ್ಲ ಎಂದು ನನ್ನನ್ನು ಕೇಳಿದ್ದರೆ ಹೇಳುತ್ತಿದ್ದೆ. ಕೇಳಲಿಲ್ಲ.

ಹುಡುಗ, ಹುಡುಗನ ತಾಯಿ, ದೊಡ್ಡಪ್ಪ ಬಂದರು. ದೊಡ್ಡಪ್ಪ ಹೊಳೆ ಮಂದಿಯಲ್ಲಿ ಯಜಮಾನಿಕೆ ಮಾಡುವವನು, ಬಿಳಿ ಅಂಗಿ, ಗತ್ತು. ಹುಡುಗನ ತಾಯಿ ಸೆರಗು ಸರಿಮಾಡಿಕೊಂಡು ಮಂಚದ ಮೇಲೆ ಕೂತಳು. ಕೂತದ್ದೇ ಚಂಗನೆ ಎದ್ದಳು.

“ಅಯ್ಯಯ್ಯಪ್ಪಾ! ಚೇಳು! ಚೇಳು!”

ಎಲ್ಲರೂ ಹಾರಿ ನಿಂತರು. ನನ್ನ ಮಗ ಚಪ್ಪಲಿ ಹಿಡಿದು ಬಂದ. ಕೌದಿ ಕೊಡವಿದರೆ ಚೇಳು ಎಲ್ಲಿಂದ ಬೀಳಬೇಕು? ಅಂಚಿನಲ್ಲಿ ಕೆಂಪು ನೂಲಿನ ಸಮೇತ ನನ್ನ ದಬ್ಬಣ ಚುಚ್ಚಿಕೊಂಡಿತ್ತು. ದೊಡ್ಡಪ್ಪ ಅದನ್ನು ಕಿತ್ತು ಬೆಳಕಿಗೆ ಹಿಡಿದ.

“ಇದು ಕಬ್ಬಿಣ ಅಲ್ಲ.”

“ದನದ ಕೊಂಬಿಂದು ರೀ. ಸಂತೆಯಾಗೆ ಸಿಗ್ತಾವೆ” ಎಂದಳು ಸೊಸೆ. ಮಾತು ಬೇಗ ಬಂತು, ಆದರೆ ಮುಖ ಬಿಳಿಚಿತು.

ಆತ ನನ್ನ ಕಡೆ ತಿರುಗಿದ. “ಅಜ್ಜೀ, ನೀವು ಹೇಳ್ರಿ. ಯಾವುದ್ರದು ಇದು?”

ಮಗ ನನ್ನನ್ನೇ ನೋಡುತ್ತಿದ್ದ. ಒಳಬಾಗಿಲಲ್ಲಿ ಮೊಮ್ಮಗಳು ಚಹಾದ ತಟ್ಟೆ ಹಿಡಿದು ನಿಂತಿದ್ದಳು.

“ಕೊಕ್ಕರೆ ಕಾಲಿಂದು” ಎಂದೆ.

“ಅಂದ್ರೆ ಕೊಕ್ಕರೆ ತಿಂದ್ರಾ?”

“ಮತ್ತೆ, ಕಾಲೊಂದು ಬಿಟ್ಟು ಹಾರಿಹೋಗಿತ್ತಾ ಕೊಕ್ಕರೆ? ತಿಂದ್ವಿ. ನೀರುಕಾಗೇನೂ ತಿಂದೀವಿ. ಕೊಕ್ಕರೆಗಿಂತ ಅದೇ ವಾಸಿ.”

ಹುಡುಗ ಕಿಸಕ್ಕನೆ ನಕ್ಕ. ಅವನ ತಾಯಿ ಕಣ್ಣು ಕೆಕ್ಕರಿಸಿದಳು, ನಿಲ್ಲಿಸಿದ. ಚಹಾ ಕುಡಿದರು, ಉಪ್ಪಿಟ್ಟು ಮುಟ್ಟಲಿಲ್ಲ. ದೊಡ್ಡಪ್ಪ ಹೋಗುವಾಗ ದಬ್ಬಣವನ್ನು ಅಂಗಳಕ್ಕೆ ಎಸೆದ. ನಾನು ಹೋಗಿ ಆರಿಸಿಕೊಂಡೆ, ಅವನ ಎದುರಿಗೇ.

ಸೊಸೆ ನನ್ನ ಜೊತೆ ಮಾತು ಬಿಟ್ಟಳು. ದಬ್ಬಣ ಇದ್ದ ಕೌದಿ ಹಾಸಿದ್ದು ಆಕೆ, ಸಿಟ್ಟು ನನ್ನ ಮೇಲೆ. ಆಮೇಲೆ ಹೊನ್ನಾಳಿಯಿಂದ ಹೇಳಿ ಕಳಿಸಿದರು. ಹುಡುಗ ಹಟ ಹಿಡಿದಿದ್ದಾನೆ, ಸಂಬಂಧ ಬಿಡುವುದಿಲ್ಲ, ಆದರೆ ಮೊದಲು ಅಜ್ಜಿಯ ನಾಲಿಗೆ ಶುದ್ಧವಾಗಬೇಕು ಎಂದು. ತಿನ್ನಬಾರದ್ದು ತಿಂದವರನ್ನು ಕುಲದೊಳಗೆ ಮತ್ತೆ ಕರೆದುಕೊಳ್ಳುವಾಗ ನಮ್ಮಲ್ಲೊಂದು ಪದ್ಧತಿ. ಎಕ್ಕದ ಕಡ್ಡಿಯ ತುದಿಗೆ ಬೆಂಕಿ ಹಚ್ಚಿ ನಾಲಿಗೆಗೆ ಮುಟ್ಟಿಸುತ್ತಾರೆ, ಆಮೇಲೆ ಹೊಳೆಯಲ್ಲಿ ಮುಳುಗು ಹಾಕಿಸುತ್ತಾರೆ. ಹಿಂದೆ ಸುಡುತ್ತಿದ್ದರು. ಈಗ ಮುಟ್ಟಿಸಿದ ಹಾಗೆ ಮಾಡಿ ತೆಗೆಯುತ್ತಾರಂತೆ. ಮನೆಯಲ್ಲಿ ಹಕ್ಕಿ ತಿಂದವರು ಉಳಿದಿರುವುದು ನಾನೊಬ್ಬಳೇ ಎಂದು ಅವರು ತಿಳಿದಿದ್ದರು. ನನ್ನ ಮಗನೂ ತಿಂದವನೇ. ಅವನು ನೆಲ ನೋಡುತ್ತ ಕೂತ.

ಮೊಮ್ಮಗಳು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನನ್ನನ್ನು ಹಿಡಿದಳು.

“ಅಜ್ಜಿ, ಒಂದು ಗಳಿಗೆ ಬಾಯಿ ತೆಗೆದ್ರೆ ಮುಗೀತು.”

“ಬಾಯಿ ತೆಗೆಯೋದಷ್ಟೇ ಅಲ್ಲವ್ವ. ನಮ್ಮವ್ವ ನನಗೆ ಹೊಲಸು ತಿನ್ನಿಸಿ ಸಾಕಿದ್ಲು ಅಂತ ಒಪ್ಪೋದು ಅದು.”

“ನನಗೆ ಆ ಹುಡುಗ ಬೇಕು.”

“ಕಟ್ಕೊ. ನಾನೇನು ಅಡ್ಡ ನಿಂತೀನಾ? ನನ್ನ ನಾಲಿಗೆ ಮಾತ್ರ ಕೇಳಬ್ಯಾಡ.”

“ಆ ಫೋನಿನಾಗೆ ಕಂಡ ಮಂದಿ ಸತ್ತು ಮಣ್ಣಾಗ್ಯಾರೆ. ಅವರಿಗೇನು, ಯಾರೂ ಹೆಣ್ಣು ಕೇಳಾಕೆ ಬರಲ್ಲ. ನಾನು ಇಲ್ಲೇ ಬಾಳ್ಬೇಕು” ಎಂದು ಅತ್ತಳು.

ಅದೂ ನಿಜವೇ. ನಾನು ಸಮಾಧಾನ ಮಾಡಲಿಲ್ಲ. ಸಮಾಧಾನ ಮಾಡಲು ಹೋದರೆ ಒಪ್ಪಿಬಿಡುತ್ತೇನೆ ಎಂದು ಒಳಗೆ ಎದ್ದು ಹೋದೆ. ಮರುದಿನ ಮಗನಿಗೆ, “ಹೊನ್ನಾಳಿಗೆ ಬರ್ತೀನಿ” ಎಂದೆ. ಅಷ್ಟೇ ಹೇಳಿದ್ದು. ಉಳಿದದ್ದನ್ನು ಅವರೇ ತಿಳಿದುಕೊಂಡರು. ಸೊಸೆ ಮಾತು ಶುರು ಮಾಡಿದಳು, ತಲೆಗೆ ಎಣ್ಣೆಯನ್ನೂ ಹಚ್ಚಿದಳು.

ಹೊಳೆ ದಂಡೆಯಲ್ಲಿ ಅವರ ಮಂದಿ ಸೇರಿದ್ದರು. ಕಲ್ಲಿನ ಮೇಲೆ ವೀಳ್ಯದೆಲೆ, ಕರ್ಪೂರ, ಎಕ್ಕದ ಕಡ್ಡಿ. ಆಚೆ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಹೊಳೆಯ ನಡುವಿನ ಬಂಡೆಯ ಮೇಲೆ ಒಂದು ನೀರುಕಾಗೆ ರೆಕ್ಕೆ ಬಿಚ್ಚಿ ನಿಂತಿತ್ತು. ಅದರ ಕಡೆ ಅವರಲ್ಲಿ ಯಾರ ಕಣ್ಣೂ ಹೋದಂತೆ ಕಾಣಲಿಲ್ಲ.

ದೊಡ್ಡಪ್ಪ ಕಡ್ಡಿಗೆ ಬೆಂಕಿ ಹಚ್ಚಿದ. “ಕೂಡ್ರಿ ಅಜ್ಜಿ. ನಾಲಿಗೆ ಚಾಚ್ರಿ.”

ಚಾಚಿದೆ. ಎಷ್ಟುದ್ದ ಬರುತ್ತದೋ ಅಷ್ಟುದ್ದ ಚಾಚಿದೆ, ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತಿರುಗಿ ಎಲ್ಲರಿಗೂ ತೋರಿಸಿದೆ. ಆತ ಕಡ್ಡಿ ಹತ್ತಿರ ತಂದಾಗ ಒಳಗೆ ಎಳೆದುಕೊಂಡೆ.

“ನೋಡಿದ್ರಲ್ಲ? ಚೆನ್ನಾಗೈತೆ. ಶುದ್ಧ ಮಾಡಾಕೆ ಅದರಾಗೇನೂ ಇಲ್ಲ.”

ಬಟ್ಟೆ ಒಗೆಯುವ ಹೆಂಗಸರು ಗೊಳ್ಳೆಂದರು. ನನ್ನ ಮಗ, “ಅವ್ವಾ…” ಎಂದ.

“ತಮಾಷೆ ಅಲ್ಲ ಅಜ್ಜಿ. ಹಕ್ಕಿ ತಿಂದ ನಾಲಿಗೆ ಅದು” ಎಂದ ದೊಡ್ಡಪ್ಪ.

“ನಿಮ್ಮ ಹೊಳೆ ಮೀನು ಏನು ತಿಂತೈತಪ್ಪ? ಊರ ಚರಂಡಿಯಿಂದ ಬಂದದ್ದೆಲ್ಲ ತಿಂತೈತೆ. ಅದನ್ನ ನೀವು ಚಪ್ಪರಿಸ್ತೀರಿ. ಅಗೋ ಆ ನೀರುಕಾಗೆ, ಮೀನು ಬಿಟ್ಟು ಇನ್ನೊಂದು ಮುಟ್ಟಲ್ಲ. ಯಾವುದು ಹೊಲಸು, ನೀನೇ ಹೇಳು.”

“ನಮ್ಮ ಹಿರಿಯರು ಯಾರೂ ತಿಂದಿಲ್ಲ.”

“ನಿನಗೆ ಎಷ್ಟು ಹಿರಿಯರು ಗೊತ್ತು? ನಿಮ್ಮಜ್ಜ, ಅವನಪ್ಪ. ಅಲ್ಲಿಗೆ ಮುಗೀತು. ಹೊಲ ಮನೆ ಇಲ್ಲದ ಕಾಲದಾಗೆ ಸಮುದ್ರದ ದಂಡೆಯಾಗೆ ಬದುಕಿದ ಮಂದಿ ಹಕ್ಕಿ ತಿಂದ್ರು, ಅದರ ಎಲುಬಿನಾಗೆ ಬಟ್ಟೆ ಹೊಲಿದ್ರು, ಸತ್ತ ಕೂಸಿಗೆ ಅದರ ರೆಕ್ಕೆ ಹಾಸಿದ್ರು. ನೀರಿನ ದಂಡೆಯಾಗೆ ಬದುಕೋ ಮಂದಿಗೆಲ್ಲ ಅವರೇ ಹಿರಿಯರು. ಮೊದಲು ಹೋಗಿ ಅವರ ನಾಲಿಗೆ ಸುಟ್ಟು ಬಾ. ಆಮೇಲೆ ನಂದು.”

ಯಾರೋ, “ಮುದುಕಿಗೆ ಅರಳು ಮರಳು” ಎಂದರು. ದೊಡ್ಡಪ್ಪನ ಕಡ್ಡಿ ಆರಿತು. ಮತ್ತೆ ಹಚ್ಚಲು ಬೆಂಕಿಪೊಟ್ಟಣಕ್ಕೆ ತಡಕಾಡಿದ. ಸೊಸೆ ಮುಖಕ್ಕೆ ಸೆರಗು ಮುಚ್ಚಿಕೊಂಡಿದ್ದಳು. ಸಂಬಂಧ ಮುರಿಯಿತು ಎಂದು ನನಗೂ ಅನ್ನಿಸಿತು. ಮೊಮ್ಮಗಳ ಕಡೆ ನೋಡಲಿಲ್ಲ. ನೋಡುವ ಧೈರ್ಯ ಇರಲಿಲ್ಲ.

ಆಗ ಆಕೆಯ ದನಿಯೇ ಕೇಳಿತು.

“ನಾನೂ ತಿಂದೀನಿ.”

ಎಲ್ಲರೂ ತಿರುಗಿದರು.

“ಸಣ್ಣಾಕಿ ಇದ್ದಾಗ ಜ್ವರ ಬಿಟ್ಟ ಮ್ಯಾಲೆ ಏನೂ ಸೇರ್ತಿರಲಿಲ್ಲ. ಬಲೆಯಾಗೆ ಸತ್ತ ನಾಮಗೋಳಿ ಸಾರು ಮಾಡಿ ಅಜ್ಜಿ ತಿನ್ನಿಸಿದ್ಲು. ಬಟ್ಟಲು ನೆಕ್ಕಿದ್ದೆ. ಅಜ್ಜೀದು ಸುಟ್ರೆ ನಂದೂ ಸುಡ್ರಿ” ಎಂದು ಬಂದು ನನ್ನ ಪಕ್ಕದಲ್ಲಿ ಕೂತಳು.

ಅದು ನಿಜ. ನಾನು ಮರೆತಿದ್ದೆ, ಆಕೆ ಮರೆತಿರಲಿಲ್ಲ. ನನಗಾಗಿ ಹೇಳಿದಳೋ, ಅವರ ಮೇಲಿನ ಸಿಟ್ಟಿಗೆ ಹೇಳಿದಳೋ, ನಾನು ಇವತ್ತಿಗೂ ಕೇಳಿಲ್ಲ.

ಹೊಳೆ ಮಂದಿ ಪೇಚಿಗೆ ಬಿದ್ದರು. ಮದುವೆಯಾಗುವ ಹೆಣ್ಣಿನ ನಾಲಿಗೆಗೆ ಬೆಂಕಿ ಮುಟ್ಟಿಸುವುದು ಎಲ್ಲಿಯೂ ಇಲ್ಲ, ಅದು ಮನೆಗೆ ಕೇಡು. ಮುಟ್ಟಿಸದೆ ಬಿಟ್ಟರೆ ಹಕ್ಕಿ ತಿಂದವಳನ್ನು ಹಾಗೇ ಒಳಗೆ ಕರೆದುಕೊಂಡಂತೆ. ಗುಂಪು ಕಟ್ಟಿಕೊಂಡು ಗುಸುಗುಸು ಮಾಡಿದರು. ಕಡೆಗೆ ಹುಡುಗನ ತಾಯಿ ಬಂದಳು.

“ಹೋಗ್ಲಿ ಬಿಡ್ರಿ, ಬೆಂಕಿ ಬ್ಯಾಡ. ಅಜ್ಜಿ, ಹೊಳೆಯಾಗೆ ಒಂದು ಮುಳುಗು ಹಾಕಿ ಬರ್ರಿ. ನಾಕು ಮಂದಿ ಎದುರಿಗೆ ನಮ್ಮ ಮರ್ಯಾದಿ ಉಳೀತೈತೆ.”

“ನನ್ನ ಮರ್ಯಾದಿ?”

“ಬರೀ ನೀರಲ್ಲವಾ ಅಜ್ಜಿ?”

“ಬರೀ ನೀರಾದ್ರೆ ನೀವೇ ಮುಳುಗ್ರಿ.”

ಬಿಸಿಲು ಏರಿತ್ತು. ಕಲ್ಲು ಕಾದು ಕೂರಲಾಗುತ್ತಿರಲಿಲ್ಲ. ನೀರಿನಲ್ಲೇ ಆಯುಷ್ಯ ಕಳೆದವಳು ನಾನು, ಕಾಲು ಅದರ ಕಡೆಗೇ ಎಳೆಯುತ್ತಿತ್ತು. ಏಳಲಿಲ್ಲ. ಮೊಮ್ಮಗಳೂ ಏಳಲಿಲ್ಲ. ಕೊನೆಗೆ ಹುಡುಗ ತಲೆ ಕೆರೆದುಕೊಂಡು, “ಸಾಕು ಬಿಡ್ರಿ ದೊಡ್ಡಪ್ಪ. ಅಂಗಡಿ ತೆಗೀಬೇಕು, ಮೀನು ಕೆಡ್ತಾವೆ” ಎಂದ. ಬೇರೆ ಏನಾದರೂ ದೊಡ್ಡ ಮಾತು ಆಡಿದ್ದರೆ ದೊಡ್ಡಪ್ಪ ಜಗಳಕ್ಕೆ ನಿಲ್ಲುತ್ತಿದ್ದನೋ ಏನೋ. ಮೀನು ಕೆಡುತ್ತವೆ ಎಂದರೆ ಹೊಳೆ ಮಂದಿಯಾಗಲಿ ಕೆರೆ ಮಂದಿಯಾಗಲಿ ಎದುರು ಮಾತಾಡುವುದಿಲ್ಲ. ಒಬ್ಬೊಬ್ಬರೇ ಎದ್ದು ಹೋದರು.

ಮದುವೆ ನಮ್ಮೂರಲ್ಲೇ ಆಯಿತು. ದೊಡ್ಡಪ್ಪ ಬರಲಿಲ್ಲ. ಹುಡುಗನ ತಾಯಿ ಬಂದಳು, ಉಂಡಳು. ಕೌದಿಯ ಮೇಲೆ ಮಾತ್ರ ಕೂರಲಿಲ್ಲ. ನಾನು ಆ ಕೌದಿಯನ್ನು ಮುಗಿಸಿ ಮೊಮ್ಮಗಳಿಗೇ ಕೊಟ್ಟೆ. ದಬ್ಬಣ ಕೊಡಲಿಲ್ಲ, ನನಗೆ ಇನ್ನೂ ಕೆಲಸ ಇದೆ.

ಈಗ ಆಕೆಯನ್ನು ನೋಡಲು ಆಗಾಗ ಹೊನ್ನಾಳಿಗೆ ಹೋಗುತ್ತೇನೆ. ಮನೆ ಹೊಳೆಗೆ ಹತ್ತಿರ. ಬೇಸಿಗೆಯಲ್ಲಿ ಸಂಜೆ ಅವರೆಲ್ಲ ದಂಡೆಗೆ ಹೋಗುತ್ತಾರೆ, ನನ್ನನ್ನೂ ಕರೆಯುತ್ತಾರೆ, ಹೋಗುತ್ತೇನೆ. ಮೊಮ್ಮಗಳು ಮಂಡಿಯುದ್ದ ನೀರಿಗೆ ಇಳಿದು, “ಬಾ ಅಜ್ಜಿ, ಕಾಲಾದ್ರೂ ತೊಳ್ಕೊ, ತಣ್ಣಗೈತೆ” ಎನ್ನುತ್ತಾಳೆ. ನಾನು ಮೇಲಿನ ಮೆಟ್ಟಿಲಲ್ಲೇ ಕೂರುತ್ತೇನೆ. ಕಾಲು ತೊಳೆದರೂ ಸಾಕು, ಅಜ್ಜಿ ಕೊನೆಗೂ ಹೊಳೆಗೆ ಇಳಿದಳು ಎಂದು ಅವಳ ಅತ್ತೆ ಊರೆಲ್ಲ ಹೇಳಿಕೊಂಡು ಬರುತ್ತಾಳೆ. ಕಾಲನ್ನು ನಮ್ಮ ಕೆರೆಗೆ ಬಂದು ತೊಳೆದುಕೊಳ್ಳುತ್ತೇನೆ.